ಬಾಗಿಲು ಕೊಯ್ದು ಸ್ಪೀಕರ್ ಮಾಡಿದ್ದು

ಆರು ತಿಂಗಳಿಂದ ಇಲ್ಲಿ ಒಂದಕ್ಷರ ಬರೆದಿಲ್ಲ, ಇದ್ದೀಯೋ ಇಲ್ಲವೋ ಅಂತ ಇಬ್ಬರು ಗೆಳೆಯರು ಮೇಲ್ ಮಾಡಿ ಕೇಳಿದ್ದಾರೆ. ಇದ್ದೀನ್ರಪ್ಪಾ. ಎರಡು ಕಟ್ಟಿಗೆ ಡಬ್ಬಿ ಮಾಡ್ತಾ ಇದ್ದೆ. ಆರು ತಿಂಗಳಿಗೆ ಎರಡು ಡಬ್ಬಿ! ನಮ್ಮ ಆಫೀಸಿನಲ್ಲಿ ಈ ಲೆಕ್ಕದಲ್ಲಿ ಕೆಲಸ ಮಾಡಿದ್ದರೆ ಮ್ಯಾನೇಜರ್ ಎಂದೋ ಕರೆದು ಕಾಫಿ ಕುಡಿಸಿ ಕಳಿಸಿಬಿಡುತ್ತಿದ್ದ.

ಡಬ್ಬಿ ಅಂದರೆ ಸ್ಪೀಕರ್ ಡಬ್ಬಿ. ಒಂದೊಂದರಲ್ಲಿ ಒಂದೇ ಒಂದು ನಾಲ್ಕಿಂಚಿನ ಫುಲ್-ರೇಂಜ್ ಸ್ಪೀಕರ್. ವೂಫರ್ ಬೇರೆ, ಟ್ವೀಟರ್ ಬೇರೆ ಇಲ್ಲ. ಕೆಳಗಿನ ದನಿಯಿಂದ ಮೇಲಿನ ದನಿಯವರೆಗೂ ಎಲ್ಲ ಕೆಲಸ ಆ ಒಂದೇ ಕಾಗದದ ಕೋನ್ ಮಾಡಬೇಕು. ಈ ಹುಚ್ಚು ಯಾಕೆ ಹಿಡೀತು ಅಂತ ಹೇಳಬೇಕಾದರೆ ಅಪ್ಪನ ಕಿವಿಯಿಂದ ಶುರು ಮಾಡಬೇಕು.

ಅಪ್ಪ ಭಾಲ್ಕಿ ತಾಲೂಕಿನ ಹಳ್ಳಿ ಶಾಲೆಗಳಲ್ಲಿ ಕನ್ನಡ ಕಲಿಸಿ ರಿಟೈರ್ ಆದ ಮಾಸ್ತರು. ನಿಜಾಮರ ಕಾಲದಲ್ಲಿ ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ನಮ್ಮ ಮನೆಯಲ್ಲಿ ಊಟದಷ್ಟೇ ನಿಯಮಿತವಾಗಿ ಬಡಿಸಲ್ಪಡುತ್ತಿತ್ತು. ಅಂಥ ಮನುಷ್ಯನಿಗೆ ಎರಡು ವರ್ಷದಿಂದ ಕಿವಿ ಮಂದ. ಪೂರಾ ಕೇಳಿಸುವುದಿಲ್ಲ ಅಂತಲ್ಲ. "ಆವಾಜ್ ಬರ್ತದ, ಮಾತು ತಿಳಿಯಂಗಿಲ್ಲ" ಅನ್ನೋದು ಅವರ ದೂರು. ಡಾಕ್ಟರು ಪರೀಕ್ಷೆ ಮಾಡಿ, ವಯಸ್ಸಾದವರಿಗೆ ಆಗುವಂತೆ ಮೇಲಿನ ಫ್ರೀಕ್ವೆನ್ಸಿಗಳು ಕಡಿಮೆಯಾಗಿವೆ ಅಂದರು. ಸ್ವರಗಳ ಶಕ್ತಿಯೆಲ್ಲ ಕೆಳಗಿರುತ್ತದೆ. ಸ, ಶ, ತ, ಕ ಇಂಥ ವ್ಯಂಜನಗಳನ್ನು ಒಂದರಿಂದೊಂದು ಬೇರೆ ಮಾಡುವ ಗುರುತು 2 ಕಿಲೋಹರ್ಟ್ಸ್‌ನಿಂದ ಮೇಲೆ. ಅಲ್ಲಿ ಕಿವಿ ಸೋತರೆ ರಾಗ ಉಳಿಯುತ್ತದೆ, ಅಕ್ಷರ ಹೋಗುತ್ತದೆ. ಕಿವಿಗೆ ಹಾಕೋ ಮಷೀನು ತಂದುಕೊಟ್ಟೆ. ಅದು ಕನ್ನಡಕದ ಡಬ್ಬಿಯ ಪಕ್ಕ ಡ್ರಾಯರಿನಲ್ಲಿ ಸುಖವಾಗಿದೆ.

ಅಪ್ಪನ ಹತ್ತಿರ ಒಂದು ಸೂಟ್‌ಕೇಸು ತುಂಬ ಕ್ಯಾಸೆಟ್ ಇವೆ. 1980ರ ದಶಕದಲ್ಲಿ ಆಕಾಶವಾಣಿ ಕಲಬುರಗಿಯಿಂದ ಬರುತ್ತಿದ್ದ ವಚನ ಗಾಯನ, ತತ್ವಪದಗಳನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟವು. ಅವನ್ನೆಲ್ಲ ನಾನು ಎರಡು ದೀಪಾವಳಿ ರಜೆಯಲ್ಲಿ ಕಂಪ್ಯೂಟರಿಗೆ ಇಳಿಸಿದ್ದೆ. ಆದರೆ ಅಪ್ಪ ಕೇಳೋದೇ ಬಿಟ್ಟುಬಿಟ್ಟಿದ್ದರು. ಯಾಕೆ ಅಂದರೆ, "ವಚನ ಅಂದ್ರ ಮಾತು. ಮಾತೇ ತಿಳಿಲಿಲ್ಲಂದ್ರ ಬರೇ ರಾಗ ತಗೊಂಡು ಏನ್ ಮಾಡ್ಲಿ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಯಲ್ಲಿದ್ದದ್ದು ಟಿವಿ ಪಕ್ಕದ ಹೋಮ್ ಥಿಯೇಟರ್. ಅದರಲ್ಲಿ ಎಂಥ ವಚನ ಹಾಕಿದರೂ ಡೊಳ್ಳಿನ ಮೇಳದೊಳಗಿಂದ ಯಾರೋ ಕರೆದ ಹಾಗೆ ಕೇಳುತ್ತದೆ.

ಸಾಮಾನ್ಯ ಎರಡು-ದಾರಿ ಸ್ಪೀಕರಿನಲ್ಲಿ ವೂಫರಿನಿಂದ ಟ್ವೀಟರಿಗೆ ದನಿ ದಾಟಿಸುವ ಕ್ರಾಸೋವರ್ ಇರೋದು ಹೆಚ್ಚುಕಡಿಮೆ 2ರಿಂದ 3 ಕಿಲೋಹರ್ಟ್ಸ್ ಮಧ್ಯೆ. ಅಂದರೆ ಅಪ್ಪನಿಗೆ ಬೇಕಾದ ಅಕ್ಷರಗಳು ಇರುವ ಜಾಗದಲ್ಲೇ! ದುಡ್ಡಿದ್ದವರ ಒಳ್ಳೆ ಸ್ಪೀಕರಿನಲ್ಲಿ ಈ ದಾಟು ಗೊತ್ತೇ ಆಗುವುದಿಲ್ಲ, ಅದನ್ನು ಒಪ್ಪುತ್ತೇನೆ. ಅಗ್ಗದ್ದರಲ್ಲಿ ಗೊತ್ತಾಗುತ್ತದೆ. ಫುಲ್-ರೇಂಜ್‌ನಲ್ಲಿ ದಾಟುವ ಪ್ರಶ್ನೆಯೇ ಇಲ್ಲ. ಮನುಷ್ಯನ ದನಿ ಒಂದೇ ಬಾಯಿಯಿಂದ ಬರುವಂತೆ ಒಂದೇ ಕೋನಿನಿಂದ ಬರುತ್ತದೆ. ಹಾಗಂತ ಇದು ಸರ್ವಗುಣಸಂಪನ್ನ ಅಂತ ತಿಳೀಬೇಡಿ. ನಾಲ್ಕಿಂಚಿನ ಕೋನಿನಿಂದ ನೆಲ ನಡುಗಿಸುವ ಬಾಸ್ ಬರೋದಿಲ್ಲ. ಮೇಲಿನ ದನಿಗಳು ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕೆ ಮಾತ್ರ ಹೋಗುತ್ತವೆ, ಪಕ್ಕಕ್ಕೆ ಕೂತವನಿಗೆ ಸಿಗೋದಿಲ್ಲ. ಇಂಟರ್ನೆಟ್ಟಿನಲ್ಲಿ ಫುಲ್-ರೇಂಜ್ ಭಕ್ತರು ಇದನ್ನೆಲ್ಲ ಹೇಳೋದಿಲ್ಲ. ಪಂಥ ಅಂದಮೇಲೆ ಹಾಗೇ ಅಲ್ಲವೇ :-)

ನಿಜವಾಗಿ ಇದು ಹೊಸ ವಿದ್ಯೆಯೂ ಅಲ್ಲ. ನಮ್ಮ ಮುತ್ಯಾನ ಮರ್ಫಿ ರೇಡಿಯೋ ಏನಾಗಿತ್ತು? ಕಟ್ಟಿಗೆ ಪೆಟ್ಟಿಗೆ, ಮುಂದೆ ಬಟ್ಟೆ, ಒಳಗೆ ಒಂದೇ ಸ್ಪೀಕರ್. ರೇಡಿಯೋ ಇಟ್ಟುಕೊಳ್ಳಲಿಕ್ಕೂ ಲೈಸೆನ್ಸ್ ಬೇಕಿದ್ದ ಕಾಲದಲ್ಲಿ ಕನ್ನಡ ನಾಡು ಪೂರಾ ಕೇಳಿದ್ದು ಫುಲ್-ರೇಂಜೇ. ಅದರ ಹಿಂಭಾಗ ತೂತುತೂತಿನ ರಟ್ಟು, ಅಂದರೆ ಬಯಲು. ಅಲ್ಲೇ ಒಂದು ತೊಂದರೆ ಇದೆ. ಕೋನ್ ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದೆ ಎಳೆಯುತ್ತದೆ. ಕೆಳಗಿನ ದನಿಗಳಲ್ಲಿ ಮುಂದಿನದೂ ಹಿಂದಿನದೂ ಸುತ್ತಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ ಇಂದಿನ ಮಾದರಿಯ ಸ್ಪೀಕರನ್ನು 1925ರಲ್ಲಿ ಜಗತ್ತಿಗೆ ತೋರಿಸಿದಾಗಲೇ ಈ ಹಿಂದಿನ ಗಾಳಿಯನ್ನು ಏನು ಮಾಡೋದು ಅನ್ನೋ ತಲೆನೋವು ಇತ್ತು. ಡಬ್ಬಿ ಎಷ್ಟು ದೊಡ್ಡದಿರಬೇಕು ಅನ್ನೋದು ಬಹಳ ವರ್ಷ ಅಂದಾಜಿನ ಮೇಲೇ ನಡೀತು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲಲ್ಲಿ ಇದನ್ನು ಲೆಕ್ಕಕ್ಕೆ ತಂದರು. ಇವತ್ತು ಪ್ರತಿ ಸ್ಪೀಕರಿನ ಜೊತೆ ಬರುವ ಕಾಗದದಲ್ಲಿ ಥೀಲ್-ಸ್ಮಾಲ್ ಅಂಕಿಗಳು ಇರುತ್ತವೆ.

ನನ್ನ ಸ್ಪೀಕರಿನ ಅಂಕಿ ಹೀಗಿತ್ತು: ತನ್ನಷ್ಟಕ್ಕೆ ಅದು ಕಂಪಿಸುವುದು 70 ಹರ್ಟ್ಸ್‌ನಲ್ಲಿ, ಒಟ್ಟು ಕ್ಯೂ 0.40, ಅದರ ಸ್ಪ್ರಿಂಗಿನ ಬಿಗಿಗೆ ಸಮನಾದ ಗಾಳಿ 10 ಲೀಟರ್. ಸೂತ್ರಕ್ಕೆ ಹಾಕಿದರೆ 11 ಲೀಟರಿನ ಡಬ್ಬಿ, 67 ಹರ್ಟ್ಸ್‌ಗೆ ಟ್ಯೂನ್ ಮಾಡಿದ ಪೈಪು ಅಂತ ಬಂತು. ಈ ಪೈಪು ಅಂದರೆ ಖಾಲಿ ಬಾಟಲಿಯ ಬಾಯಿಗೆ ಊದಿದರೆ ಹೂಂ ಅನ್ನುತ್ತಲ್ಲ, ಅದೇ. ಕೋನಿನ ಹಿಂದಿನ ಗಾಳಿಯನ್ನು ಉಪಾಯವಾಗಿ ತಿರುಗಿಸಿ ಕೆಳಗಿನ ದನಿಗೆ ಕೂಲಿಗಿಡುವುದು. 5 ಸೆಂಟಿಮೀಟರ್ ಒಳವ್ಯಾಸದ ಪಿವಿಸಿ ಪೈಪಾದರೆ ಉದ್ದ 8 ಸೆಂಟಿಮೀಟರ್ ಚಿಲ್ಲರೆ. ಡಬ್ಬಿಯ ಒಳ ಅಳತೆ 18, 20, 33 ಸೆಂಟಿಮೀಟರ್. ಮೂರೂ ಬೇರೆಬೇರೆ ಇಟ್ಟದ್ದು ಬೇಕೆಂದೇ. ಚೌಕ ಡಬ್ಬಿಯಾದರೆ ಎದುರುಬದುರು ಗೋಡೆಗಳ ಪ್ರತಿಧ್ವನಿ ಮೂರು ಕಡೆಯಿಂದಲೂ ಒಂದೇ ಸ್ವರಕ್ಕೆ ಬಂದು ಕೂತುಬಿಡುತ್ತದೆ.

ಇಲ್ಲಿಯವರೆಗೆ ಎಲ್ಲ ಲ್ಯಾಪ್‌ಟಾಪಿನಲ್ಲಿ. ಇಂಥದ್ದು ನಮಗೆ ಸುಲಭ. ಗಲಾಟೆ ಶುರುವಾದದ್ದು ಕಟ್ಟಿಗೆ ಯಾವುದು ಅನ್ನೋದರಿಂದ.

ನನ್ನ ಮನಸ್ಸು ಪ್ಲೈವುಡ್ ಮೇಲಿತ್ತು. 18 ಮಿಲಿಮೀಟರಿನ ಒಳ್ಳೆ ಪ್ಲೈ. ಒಂದರ ಮೇಲೊಂದು ಅಡ್ಡ-ಉದ್ದ ಅಂಟಿಸಿದ ಪದರು, ಆದ್ದರಿಂದ ಸೊಟ್ಟಗಾಗುವುದಿಲ್ಲ, ಹಿಗ್ಗುವುದು ಕುಗ್ಗುವುದೂ ಕಡಿಮೆ. ಎಂಡಿಎಫ್ ಇನ್ನೂ ಸತ್ತ ದನಿಯದ್ದು, ಸ್ಪೀಕರಿಗೆ ಅದು ಗುಣವೇ. ಆದರೆ ನೀರು ತಾಗಿದರೆ ನೆನೆದ ಬ್ರೆಡ್ಡಿನಂತೆ ಉಬ್ಬುತ್ತದೆ, ಕೊರೆದಾಗ ಏಳುವ ಧೂಳು ಎದೆಗೆ ಒಳ್ಳೆಯದಲ್ಲ. ತೆಳ್ಳಗಿನ ಹಲಗೆಯೇ ಮೇಲು ಅನ್ನೋ ಪಂಗಡವೂ ಇದೆ. ಬಿಬಿಸಿಯವರು 1970ರ ದಶಕದಲ್ಲಿ ಮಾಡಿದ ಎಲ್ಎಸ್3/5ಎ ಅನ್ನೋ ಪುಟ್ಟ ಸ್ಪೀಕರಿನಲ್ಲಿ ತೆಳು ಬರ್ಚ್ ಪ್ಲೈಗೆ ಒಳಗಿಂದ ಡಾಂಬರಿನ ಹಾಳೆ ಹಚ್ಚಿದ್ದರು. ಗೋಡೆ ಕಂಪಿಸಲಿ, ಆದರೆ ಬೇಗ ಸುಮ್ಮನಾಗಲಿ ಅಂತ. ಇದನ್ನೆಲ್ಲ ಅಪ್ಪನಿಗೆ ಕೂಡಿಸಿ ವಿವರಿಸಿದೆ. ಪೂರಾ ಕೇಳಿಸಿಕೊಂಡು ಅಪ್ಪ ಹೇಳಿದ್ದು ಒಂದೇ ಮಾತು: "ಮನ್ಯಾಗ ಸಾಗವಾನಿ ಕದ ಇಟ್ಕೊಂಡು ಪ್ಲೈವುಡ್ ಯಾಕ ತರ್ತಿ?"

ಕದದ ಕಥೆ ಹೇಳಿಬಿಡುತ್ತೇನೆ. ನಮ್ಮ ಮೂಲ ಮನೆ ಔರಾದಿನದು. ಕರ್ನಾಟಕದ ನಕಾಶೆಯ ತುತ್ತತುದಿ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಸಂತೆಯಲ್ಲಿ ನಾಲ್ಕು ಭಾಷೆಯಲ್ಲಿ ಚೌಕಾಸಿ ನಡೆಯುತ್ತದೆ. ಮುತ್ಯಾ ಕಟ್ಟಿಸಿದ ಕಲ್ಲು-ಮಣ್ಣಿನ ಮನೆಗೆ ಸಾಗವಾನಿಯ ಜೋಡಿ ಬಾಗಿಲಿತ್ತು. 2017ರಲ್ಲಿ ಅಪ್ಪ ಮತ್ತು ಕಾಕಾ ಬೇರೆಯಾದರು. ಹೊಲ ಹಂಚಿದರು, ಬಾವಿ ನೀರಿಗೆ ಜಗಳ ಆಯ್ತು, ಭಾಂಡೆ ಹಂಚಿದರು, ಕೊನೆಗೆ ಬಾಗಿಲನ್ನೂ ಕಿತ್ತು ತಲಾ ಒಂದೊಂದು ಕದ ತಗೊಂಡರು. ಒಂದು ಕದದಿಂದ ಯಾರಿಗೆ ಏನುಪಯೋಗ ಅಂತ ಕೇಳಬೇಡಿ. ಪಂಚಾಯಿತಿಗೆ ಕೂತಿದ್ದ ಹಿರಿಯರೂ ಕೇಳಲಿಲ್ಲ. ಅವತ್ತಿನಿಂದ ಅಣ್ಣ ತಮ್ಮ ಮಾತಾಡಿಲ್ಲ. ನನ್ನ ತಂಗಿ ಮದುವೆಗೂ ಕಾಕಾ ಬರಲಿಲ್ಲ. ಕಾಕು ಮಾತ್ರ ಬಂದು ಅಕ್ಷತೆ ಹಾಕಿ ಊಟ ಮಾಡದೆ ಹೋದಳು.

ಅಪ್ಪನ ಪಾಲಿನ ಕದ ಭಾಲ್ಕಿ ಮನೆಯ ಅಟ್ಟದ ಮೇಲಿತ್ತು. ಇಳಿಸಿ ಪರಿಚಯದ ಬಡಿಗೇರ ಕಾಕಾನ ಹತ್ತಿರ ಒಯ್ದೆ. ಅವರು ಉಗುರಿನಿಂದ ಕೆರೆದು, ಮೂಸಿ ನೋಡಿ, "ಇಂಥಾ ಕಟಿಗಿ ಈಗ ಎಲ್ಲಿ ಸಿಗ್ತದ್ರಿ" ಅಂದರು. ಕದಕ್ಕೆ ಎರಡು ಹಲಗೆ. ಕೆಳಗಿನದು ಮಳೆನೀರು ಸಿಡಿದು ಸಿಡಿದು ಕೊಳೆತಿತ್ತು. ಮೇಲಿನದು ಗಟ್ಟಿ ಇತ್ತು, ಒಂದು ಸ್ಪೀಕರಿನ ಮುಖಕ್ಕೆ ಸಾಕಾಗುವಷ್ಟು ಅಗಲ.

ಪೂರಾ ಡಬ್ಬಿಯನ್ನೇ ಸಾಗವಾನಿಯಲ್ಲಿ ಮಾಡೋದಕ್ಕೆ ನಾನು ಒಪ್ಪಲಿಲ್ಲ. ಬೀದರ್ ಜಿಲ್ಲೆಯ ಮೇ ತಿಂಗಳು ಗೊತ್ತಲ್ಲ, ಬಿಸಿಲು ನಲವತ್ತು ದಾಟಿ ಗಾಳಿಯೆಲ್ಲ ಒಣಗಿಹೋಗಿರುತ್ತದೆ. ಆಗಸ್ಟಿಗೆ ಗೋಡೆಯೂ ಬೆವರುತ್ತದೆ. ಎಷ್ಟೇ ಹಳೆಯ ಕಟ್ಟಿಗೆಯಾದರೂ ಈ ಎರಡರ ನಡುವೆ ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ಇಪ್ಪತ್ತು ಸೆಂಟಿಮೀಟರ್ ಅಗಲಕ್ಕೆ ಒಂದೆರಡು ಮಿಲಿಮೀಟರ್ ಅಂದುಕೊಳ್ಳಿ. ಗಾಳಿ ಸೋರದಂತೆ ಬಿಗಿಯಾಗಿ ಅಂಟಿಸಿದ ಡಬ್ಬಿಗೆ ಅಷ್ಟು ಸಾಕು, ಎಲ್ಲಾದರೂ ಬಿರುಕು ಬಿಡಲಿಕ್ಕೆ. ಇದನ್ನು ಬಡಿಗೇರ ಕಾಕಾಗೆ ಹೇಳಲು ಹೋದರೆ ಅವರು ನಕ್ಕು ಅದೇ ಕದವನ್ನು ಅಡ್ಡ ಮಲಗಿಸಿ ತೋರಿಸಿದರು. ಹಲಗೆಗೆ ಸುತ್ತಲಿನ ಚೌಕಟ್ಟಿನಲ್ಲಿ ಎಲ್ಲೂ ಮೊಳೆಯಿಲ್ಲ, ಅಂಟಿಲ್ಲ. ಕೊರೆದ ಗಾಡಿಯೊಳಗೆ ಸುಮ್ಮನೆ ಕೂತಿದೆ. ಬೇಸಿಗೆಯಲ್ಲಿ ಸಣ್ಣಗಾಗುತ್ತದೆ, ಮಳೆಗಾಲದಲ್ಲಿ ದೊಡ್ಡದಾಗುತ್ತದೆ, ಚೌಕಟ್ಟು ಮಾತ್ರ ಹಾಗೇ ಇರುತ್ತದೆ. ಬೀದರ್ ಕೋಟೆಯ ರಂಗೀನ್ ಮಹಲಿನ ಕೆತ್ತನೆಯ ಕಂಬಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಕಪ್ಪೆಚಿಪ್ಪಿನ ಕುಸುರಿ ನೋಡಿ ಬಾಯಿ ಬಿಟ್ಟಿದ್ದೇನೆ. ಕಟ್ಟಿಗೆ ಅಲುಗಾಡುತ್ತದೆ ಅನ್ನೋದಕ್ಕೆ ಹಳೇ ಕಾಲದ ಬಡಿಗರು ಏನು ಮಾಡುತ್ತಿದ್ದರು ಅಂತ ಯೋಚಿಸಿರಲೇ ಇಲ್ಲ.

ಕೊನೆಗೆ ಇಬ್ಬರೂ ಸೇರಿ ಗೊತ್ತುಮಾಡಿದ್ದು ಇದು: ಡಬ್ಬಿ ಪೂರಾ ಪ್ಲೈ, ಸ್ಪೀಕರೂ ಪ್ಲೈಗೇ ಬಿಗಿ. ಅದರ ಮೇಲೆ ಸಾಗವಾನಿಯ ತೆಳು ಹಲಗೆ, ಅಂಟಿಲ್ಲದೆ, ಒಳಗಿನಿಂದ ಉದ್ದುದ್ದ ತೂತುಗಳಲ್ಲಿ ಸ್ಕ್ರೂ ಹಾಕಿ, ಅದಕ್ಕೆ ಬೇಕಾದ ಹಾಗೆ ಜರುಗಲು ಬಿಟ್ಟು. ಸ್ಪೀಕರಿನ ಸುತ್ತ ಹಲಗೆಯನ್ನು ತಟ್ಟೆಯಂತೆ ಇಳಿಜಾರು ಮಾಡಬೇಕು, ಇಲ್ಲದಿದ್ದರೆ ಬಾವಿಯೊಳಗಿಂದ ಮಾತಾಡಿದಂತಾಗುತ್ತದೆ.

ಇನ್ನೊಂದು ಸ್ಪೀಕರಿನ ಮುಖಕ್ಕೆ ಏನು ಮಾಡೋದು? ಪಟ್ಟಿಗಳನ್ನು ಜೋಡಿಸಿ ಮಾಡಿಕೊಡ್ತೀನಿ ಅಂತ ಬಡಿಗೇರ ಕಾಕಾ ಅಂದರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಇನ್ನೊಂದು ಕದ ಅವನ ಮನ್ಯಾಗ ಅದ" ಅಂದರು. ಏಳು ವರ್ಷದಲ್ಲಿ ನಮ್ಮ ಮನೆಯಲ್ಲಿ ಕಾಕಾನ ಸುದ್ದಿ ಬಂದದ್ದು ಅದೇ ಮೊದಲು. ಹೆಸರು ಹೇಳಲಿಲ್ಲ, "ಅವನ" ಅಂದರು ಅಷ್ಟೇ.

ಔರಾದಿಗೆ ಹೋದೆ. ಬೀದರಿನಿಂದ ಬಸ್ಸು, ಮಾಂಜ್ರಾ ದಾಟಿ, ಸಂತಪುರ ದಾಟಿ. ದಾರಿಯುದ್ದಕ್ಕೂ ಏನು ಮಾತಾಡಬೇಕು ಅಂತ ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಿದ್ದೆ. ಕದ ಅಂಗಳದಲ್ಲಿ ನಾಲ್ಕು ಇಟ್ಟಿಗೆ ಮೇಲೆ ಮಲಗಿತ್ತು. ಮೇಲೆ ಕಾಕು ಸಂಡಿಗೆ ಒಣಹಾಕಿದ್ದಳು. ಕಾಕಾ ನನ್ನನ್ನು ನೋಡಿ ಆಶ್ಚರ್ಯವನ್ನೂ ತೋರಿಸಲಿಲ್ಲ, ಸಿಟ್ಟನ್ನೂ ತೋರಿಸಲಿಲ್ಲ. ಚಹಾ ಆಯಿತು. ವಿಷಯ ಹೇಳಿದೆ. ಅಪ್ಪನ ಕಿವಿಯ ಸುದ್ದಿ ಹೇಳಿದಾಗ ಮಾತ್ರ ಲೋಟ ಕೆಳಗಿಟ್ಟರು.

"ಪೂರಾ ಕೇಳಸಂಗಿಲ್ಲೇನು?"

"ಕೇಳಸ್ತದ ಕಾಕಾ. ಅಕ್ಷರ ತಿಳಿಯಂಗಿಲ್ಲ."

ಸ್ವಲ್ಪ ಹೊತ್ತಾದ ಮೇಲೆ, "ಒಯ್ಯಿ. ಆದ್ರ ಒಂದು ಡಬ್ಬಿ ಇಲ್ಲಿ ಇರ್ತದ" ಅಂದರು.

ನಾನು ಸ್ಟೀರಿಯೋ ಅಂದರೇನು ಅಂತ ಭಾಷಣ ಮಾಡಿದೆ. ಎಡ-ಬಲ, ಎರಡೂ ಸೇರಿದರೆ ಮಧ್ಯದಲ್ಲಿ ಹಾಡುವವನು ನಿಂತಂತೆ ಕಾಣುತ್ತಾನೆ, ಬೇರೆ ಮಾಡಿದರೆ ಕೆಡುತ್ತದೆ, ಇತ್ಯಾದಿ. ಕಾಕಾ ಪೂರಾ ಕೇಳಿ, "ನಮ್ಮಪ್ಪನ ರೇಡಿಯೋಕ್ಕ ಎಷ್ಟು ಬಾಯಿ ಇದ್ವು?" ಅಂದರು.

"ಒಂದು."

"ಮತ್ತ?"

ಎಂಜಿನಿಯರಿಂಗ್ ಓದಿದ್ದು ದಂಡ. ಯಾಕಂದರೆ ಕಾಕಾ ಹೇಳಿದ್ದು ಸರಿಯಾಗೇ ಇತ್ತು. ಆಕಾಶವಾಣಿಯ ಮೀಡಿಯಂ ವೇವ್‌ನಿಂದ ಹಿಡಿದ ಕ್ಯಾಸೆಟ್ಟುಗಳೆಲ್ಲ ಮೋನೋ. ಎಡಕ್ಕೂ ಬಲಕ್ಕೂ ಒಂದೇ ದನಿ. ಆ ವಚನಗಳಿಗೆ ಒಂದು ಡಬ್ಬಿ ಸಾಕು.

ಇಲ್ಲಿಂದ ಮುಂದೆ ಕೆಲಸ ಭರಭರ ನಡೀತು ಅಂತ ಹೇಳೋ ಆಸೆ ಇದೆ. ಬಡಿಗೇರ ಕಾಕಾನ ಅಳತೆ ಇಂಚು ಮತ್ತು ಸೂತು, ನನ್ನದು ಮಿಲಿಮೀಟರು. ಇಂಚಿಗೆ ಎಂಟು ಸೂತು. ಸ್ಪೀಕರಿನ ತೂತು 93 ಮಿಲಿಮೀಟರ್ ಅಂದರೆ ಅವರು ಕಣ್ಣು ಮುಚ್ಚಿ, "ಮೂರು ಇಂಚು, ಐದೂವರೆ ಸೂತಿಗೆ ಥೋಡೆ ಕಮ್ಮಿ" ಅನ್ನುತ್ತಿದ್ದರು. ಆಮೇಲೆ ಮೊಬೈಲ್ ತೆಗೆದು ಲೆಕ್ಕ ಹಾಕಿ ನೋಡಿದರೆ ಸರಿ ಇರುತ್ತಿತ್ತು! ಪ್ಲೈ ಅಂಗಡಿಯಲ್ಲಿ ಅರ್ಧ ಹಾಳೆ ಕೊಡಲಿಲ್ಲ. ನನಗೆ ಬೇಕಾದದ್ದು ಹತ್ತು ಚದರಡಿ, ತಂದದ್ದು ಎಂಟು-ನಾಲ್ಕರ ಪೂರಾ ಹಾಳೆ, ಮೂವತ್ತೆರಡು ಚದರಡಿ. ಉಳಿದದ್ದರಲ್ಲಿ ಅವ್ವ ತನಗೊಂದು ಮಸಾಲೆ ಡಬ್ಬಿಗಳ ಗೂಡು ಮಾಡಿಸಿಕೊಂಡಳು. ಇಡೀ ಯೋಜನೆಯಲ್ಲಿ ಯಾರೂ ತಕರಾರು ಮಾಡದೆ ಮುಗಿದದ್ದು ಅದೊಂದೇ.

ಡಬ್ಬಿಯ ಒಳಗೆ ಎಷ್ಟು ಗಾಳಿ ಹಿಡಿಯುತ್ತದೆ ಅಂತ ನೋಡಲು ಜೋಳ ಸುರಿದೆವು. ಲೀಟರ್ ಮಾಪಿನಿಂದ ಅಳೆದು ಅಳೆದು. ಹನ್ನೊಂದು ಮುಗಿದು ಮುಕ್ಕಾಲು ಮಾಪು. ಅದರಲ್ಲಿ ಸ್ಪೀಕರಿನ ಮ್ಯಾಗ್ನೆಟ್ಟು, ಪೈಪು, ಅಡ್ಡಪಟ್ಟಿ ತಿನ್ನುವ ಜಾಗ ಕಳೆದರೆ ಲೆಕ್ಕ ಸರಿ. ಒಳಗಿನ ಗೋಡೆಗೆ ಹಚ್ಚಲು ಫೋಮ್ ತರಬೇಕು ಅಂತಿದ್ದೆ. ಕಾಕು ಔರಾದಿನಿಂದ ಬರುವಾಗ ಹಳೇ ಕುರಿ ಉಣ್ಣೆಯ ಕಂಬಳಿಯ ತುಂಡು ಕಟ್ಟಿಕೊಟ್ಟಿದ್ದಳು, ಕದಕ್ಕೆ ತರಚು ಬೀಳದಿರಲಿ ಅಂತ. ಅದನ್ನೇ ಹಚ್ಚಿದೆ. ಇಂಗ್ಲೆಂಡಿನ ಆರ್ಥರ್ ಬೈಲಿ ಅನ್ನುವವರು 1965ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಸ್ಪೀಕರ್ ಡಬ್ಬಿಗೆ ಉದ್ದ ಎಳೆಯ ಉಣ್ಣೆ ತುಂಬುವ ಬಗ್ಗೆ ಬರೆದಿದ್ದಾರೆ. ನಮ್ಮ ಕಾಕು ಆ ಪತ್ರಿಕೆಯ ಚಂದಾದಾರಳಲ್ಲ. ಹುಳ ಬೀಳದಂತೆ ಅವ್ವ ಒಣಗಿದ ಬೇವಿನ ಎಲೆ ಒಂದು ಮುಷ್ಟಿ ಹಾಕು ಅಂದಳು. ಹಾಕಲಿಲ್ಲ, ಎಲೆ ಗಲಗಲ ಅಂದೀತು. ಎಲೆ ಕುದಿಸಿದ ನೀರಿನಲ್ಲಿ ಕಂಬಳಿ ಅದ್ದಿ ಒಣಗಿಸಿದೆ.

ಪೈಪನ್ನು ಬೇಕೆಂದೇ 10 ಸೆಂಟಿಮೀಟರ್ ಉದ್ದ ಬಿಟ್ಟು, ಲ್ಯಾಪ್‌ಟಾಪಿಗೆ ಒಂದು ರೆಸಿಸ್ಟರ್ ಕಟ್ಟಿ ಅಳೆದರೆ ಟ್ಯೂನಿಂಗ್ 63 ಹರ್ಟ್ಸ್‌ನಲ್ಲಿತ್ತು. ಗರಗಸದಿಂದ ಸ್ವಲ್ಪ ಸ್ವಲ್ಪ ಕೊಯ್ಯುತ್ತ 67ಕ್ಕೆ ತಂದೆ. ಥೀಲ್ ಸಾಹೇಬರ 1961ರ ಲೆಕ್ಕ ಭಾಲ್ಕಿಯ ಅಂಗಳದಲ್ಲಿ ಸರಿ ಬಂದಾಗ ಆದ ಖುಷಿ, ಆಫೀಸಿನಲ್ಲಿ ಯಾವ ಕೋಡ್ ಓಡಿದಾಗಲೂ ಆಗಿಲ್ಲ.

ಇನ್ನೊಂದು ಸಂಗತಿ. ಡಬ್ಬಿಯ ಮುಖ ಚಿಕ್ಕದಾದಷ್ಟೂ ಕೆಳಗಿನ ದನಿಗಳು ಸುತ್ತಿ ಹಿಂದಕ್ಕೆ ಹೋಗುತ್ತವೆ, ಮೇಲಿನವು ಮಾತ್ರ ಮುಂದೆ ಬರುತ್ತವೆ. ನನ್ನ 21.6 ಸೆಂಟಿಮೀಟರ್ ಅಗಲದ ಮುಖಕ್ಕೆ ಈ ತಿರುವು ಸುಮಾರು 530 ಹರ್ಟ್ಸ್‌ನಲ್ಲಿ. ಅದಕ್ಕಿಂತ ಮೇಲಿನದು ಎದ್ದು ಕೇಳುತ್ತದೆ, ಹಾಡು ತೆಳ್ಳಗೆನಿಸುತ್ತದೆ. ಮದ್ದು ಏನೆಂದರೆ ಒಂದು ಸುರುಳಿ, ಅದಕ್ಕೆ ಸಮಾನಾಂತರವಾಗಿ ಒಂದು ರೆಸಿಸ್ಟರ್. 1.5 ಮಿಲಿಹೆನ್ರಿ, 4.7 ಓಮ್. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸಿಕ್ಕವು, ಹನ್ನೆರಡು ವೋಲ್ಟಿನ ಪುಟ್ಟ ಆಂಪ್ಲಿಫೈಯರ್ ಬೋರ್ಡೂ ಅಲ್ಲೇ ಸಿಕ್ಕಿತು. ಅದಾದರೆ ಕರೆಂಟು ಹೋದಾಗ ಬ್ಯಾಟರಿ ಮೇಲೂ ಓಡುತ್ತದೆ. ಸುರುಳಿಗೆ ಒಂದು ಸ್ವಿಚ್ಚನ್ನೂ ಇಟ್ಟೆ, ಬೇಕಾದಾಗ ಹಾಕಿ ಬೇಡವಾದಾಗ ತೆಗೆಯಲು.

ಅಪ್ಪನನ್ನು ಎದುರಿಗೆ ಕೂಡಿಸಿ, ಸ್ಪೀಕರನ್ನು ನೇರ ಅವರ ಮುಖಕ್ಕೆ ತಿರುಗಿಸಿ, ಕಲಬುರಗಿಯ ಒಂದು ರೆಕಾರ್ಡಿಂಗ್ ಹಾಕಿದೆ. ಮೊದಲು ಸುರುಳಿ ಇದ್ದ ಹಾಗೆ. ನನ್ನ ಕಿವಿಗೆ ಅಮೃತ. ತಬಲಾದ ಎಡಗೈ ತುಂಬಿ ಬರುತ್ತಿತ್ತು. ಅಪ್ಪ "ಛಲೋ ಅದ" ಅಂದರು, ಊಟ ಹೇಗಿದೆ ಅಂದಾಗ ಅನ್ನುತ್ತಾರಲ್ಲ, ಹಾಗೆ. ಸ್ವಿಚ್ಚು ಒತ್ತಿ ಸುರುಳಿ ತೆಗೆದೆ. ದನಿ ತೆಳ್ಳಗಾಯಿತು, ಒಣಗಿತು, ಗ್ರಾಫಿನಲ್ಲಿ ನೋಡಿದರೆ ನಾಚಿಕೆಯಾಗುವಂತಿತ್ತು. ಅಪ್ಪ ಮುಂದಕ್ಕೆ ಬಾಗಿದರು. ಒಂದು ವಚನ ಮುಗಿಯುವವರೆಗೆ ಏನೂ ಅನ್ನಲಿಲ್ಲ. ತುಟಿ ಮಾತ್ರ ಹಾಡುವವರ ಜೊತೆ ಅಲುಗಾಡುತ್ತಿತ್ತು. ಮುಗಿದ ಮೇಲೆ, "ಇಲ್ಲೇ ಇರ್ಲಿ, ಆ ಬಟನ್ ಮುಟ್ಟಬ್ಯಾಡ" ಅಂದರು.

ಅಪ್ಪನ ಕಿವಿ ಕಳೆದುಕೊಂಡಷ್ಟನ್ನು ಡಬ್ಬಿ ಸ್ವಲ್ಪ ತುಂಬಿಕೊಟ್ಟಿತು, ಅಷ್ಟೇ. ಮಷೀನು ಹಾಕಿಕೊಂಡರೆ ಇನ್ನೂ ಚೆನ್ನಾಗಿ ಕೇಳುತ್ತದೆ ಅಂತ ಈಗಲೂ ಹೇಳುತ್ತಿರುತ್ತೇನೆ. ಡ್ರಾಯರು ಈಗಲೂ ಮುಚ್ಚಿಯೇ ಇದೆ.

ಎರಡನೇ ಡಬ್ಬಿಯನ್ನು ಹೋದ ತಿಂಗಳು ಔರಾದಿಗೆ ಒಯ್ದೆ. ಹೊರಡುವ ಹಿಂದಿನ ರಾತ್ರಿ ಅಪ್ಪ ಪೆನ್ ಡ್ರೈವ್ ಕೇಳಿದರು. ಯಾವ್ಯಾವ ಹಾಡು ಹಾಕಬೇಕು ಅಂತ ಶಾಲೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ದುಂಡಗೆ ಪಟ್ಟಿ ಮಾಡಿ ಕೊಟ್ಟರು. ನಲವತ್ತೊಂದು ಹಾಡು. ಮೇಲೆ ಹೆಸರಿಲ್ಲ, ಕೆಳಗೆ ಸಹಿ ಇಲ್ಲ. ಕಾಕಾ ಆ ಹಾಳೆಯನ್ನು ಎರಡು ಸಲ ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡರು. ಕೇಳುತ್ತ ಕೇಳುತ್ತ ಹದಿನೇಳನೆಯದು ಬಂದಾಗ, ಅದರ ಮಧ್ಯೆ ಯಾರೋ ಕೆಮ್ಮುವ ಸದ್ದಿದೆ, "ಇದು ನಾನೇ. ರೆಕಾರ್ಡ್ ಮಾಡಬೇಕಾದ್ರ ಕೆಮ್ಮಿದೆ ಅಂತ ನಿಮ್ಮಪ್ಪ ಹೊಡೆದಿದ್ದ" ಅಂದರು.

ಇಬ್ಬರೂ ಇನ್ನೂ ಮಾತಾಡಿಲ್ಲ. ಆದರೆ ಫೋನು ನನಗೆ ಬರುತ್ತದೆ. ಮೊನ್ನೆ ಕಾಕಾ ಫೋನ್ ಮಾಡಿ, ಡಬ್ಬಿಯ ಪೈಪಿನೊಳಗೆ ಹಲ್ಲಿ ಹೊಕ್ಕಿದೆ, ಏನು ಮಾಡೋದು ಅಂದರು. ಪಕ್ಕದಲ್ಲಿ ಕೂತಿದ್ದ ಅಪ್ಪ ಪೇಪರಿನಿಂದ ತಲೆ ಎತ್ತದೆ, "ಜಾಳಿಗಿ ಬಡಿ ಅನ್ನು ಅವಗ" ಅಂದರು. ಅನ್ನಬೇಕಾಗಿ ಬರಲಿಲ್ಲ, ಸ್ಪೀಕರ್ ಫೋನ್ ಆನ್ ಇತ್ತು.